"ಇನ್ನೂ ಸ್ವಲ್ಪ ಡೀಟೇಲ್ ಹಾಕು" ಅಂದ್ರೆ ಏನ್ ಮಾಡ್ಬೇಕು? ಕ್ಯಾರೆಕ್ಟರ್ ಲೈನ್ ಡ್ರಾಯಿಂಗ್‌ನ ಅನಾಟಮಿ ತಿದ್ಕೊಳ್ಳೋ ಕ್ರಮ

ಕ್ಯಾರೆಕ್ಟರ್ ಬರೆದು ಯಾರಿಗಾದ್ರೂ ತೋರ್ಸಿದ್ರೆ ಬರೋ ಉತ್ತರ ಹೆಚ್ಚುಕಮ್ಮಿ ಮೂರೇ ಥರ. "ಸೂಪರ್", "ಏನೋ ಒಂಥರಾ ಇದೆ", ಇಲ್ಲಾಂದ್ರೆ "ಇನ್ನೂ ಸ್ವಲ್ಪ ಡೀಟೇಲ್ ಹಾಕು". ಮೊದಲನೇದ್ರಿಂದ ಖುಷಿ ಆಗುತ್ತೆ, ಚಿತ್ರಕ್ಕೇನೂ ಉಪಯೋಗ ಇಲ್ಲ. ಎರಡನೇದು ಅರ್ಧಂಬರ್ಧ ಆದ್ರೂ ಅದ್ರಲ್ಲಿ ಏನೋ ಇದೆ. ಮೂರನೇದು ಇದ್ಯಲ್ಲ, ಅದು ತುಂಬಾ ಜನರನ್ನ ದಾರಿ ತಪ್ಪಿಸುತ್ತೆ, ಯಾಕಂದ್ರೆ ಡೀಟೇಲ್ ಅಂದ ತಕ್ಷಣ ಕೂದಲಿಗೆ ಇನ್ನೊಂದಷ್ಟು ಗೆರೆ, ಬಟ್ಟೆಗೆ ಇನ್ನೊಂದಷ್ಟು ಮಡಿಕೆ, ಬೆಲ್ಟಿಗೆ ಬಕಲ್ಲು, ಹೊಟ್ಟೆ ಮೇಲೆ ಸಿಕ್ಸ್ ಪ್ಯಾಕು ಎಲ್ಲಾ ಗೀಚಿ ಕೊನೆಗೆ ನೋಡಿದ್ರೆ ಚಿತ್ರ ಮುಂಚೆಗಿಂತ ಗಜಿಬಿಜಿ ಆಗಿರುತ್ತೆ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಅದೇ ಕಥೆ. ನೋಡಿದವ್ರಿಗೆ ಏನೋ ಕಮ್ಮಿ ಅನ್ಸಿದ್ದು ನಿಜಾನೇ, ಆದ್ರೆ ಬಹಳ ಸಲ ಕಮ್ಮಿ ಇರೋದು ಗೆರೆ ಅಲ್ಲ, ಬಟ್ಟೆ ಒಳಗಿರ್ಬೇಕಾದ ದೇಹ, ಅಂದ್ರೆ ಅನಾಟಮಿ (ಮೂಳೆ ಸ್ನಾಯುಗಳ ರಚನೆ).

ಅದಕ್ಕೇ ಒಂದು ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ, ಕೆಳಗಿರೋದೆಲ್ಲ ಇದ್ರ ಮೇಲೇನೇ ನಿಂತಿದೆ. ಫೀಡ್‌ಬ್ಯಾಕ್ ಕೊಡೋರು ಜಾಗ ತೋರಿಸ್ತಾರೆ, ಕಾರಣ ಹುಡುಕೋದು ನಿಮ್ಮ ಕೆಲಸ. "ಕೈ ಸರಿ ಇಲ್ಲ" ಅಂದ್ರೆ ತಪ್ಪು ಭುಜದಲ್ಲಿರ್ಬಹುದು. "ಮುಖ ಚೆನ್ನಾಗಿಲ್ಲ" ಅಂದ್ರೆ ಮುಖ ಚೆನ್ನಾಗೇ ಇದ್ದು ಕತ್ತು ತಪ್ಪಾಗಿರ್ಬಹುದು.

ಇಂಕ್ ಮಾಡೋಕೆ ಮುಂಚೆನೇ ತೋರ್ಸಿ

ಎಲ್ಲಾ ಮುಗ್ಸಿ, ಕ್ಲೀನ್ ಲೈನ್ ಎಳೆದು, ಮೂಲೆಯಲ್ಲಿ ಸಹಿನೂ ಹಾಕಿ ಆಮೇಲೆ "ಅನಾಟಮಿ ಹೇಗಿದೆ" ಅಂತ ಕೇಳಿದ್ರೆ ಏನಾಗುತ್ತೆ ಅಂದ್ರೆ, ಯಾರು ಏನು ಹೇಳಿದ್ರೂ ನಿಮಗೆ ತಿದ್ದೋ ಮನಸ್ಸು ಇರಲ್ಲ. ಅಷ್ಟೊತ್ತಿಂದ ಎಳೆದ ಗೆರೆ ಅಳಿಸೋಕೆ ಹೊಟ್ಟೆ ಉರಿಯುತ್ತೆ, ಸಹಜ. ಅದಕ್ಕೆ ರಫ್ ಸ್ಕೆಚ್‌ನಲ್ಲಿದ್ದಾಗ್ಲೇ ಒಂದ್ಸಲ ತೋರ್ಸಿ. ಕಡ್ಡಿ ಆಕೃತಿ ಮೇಲೆ ಎದೆಗೂಡಿಗೊಂದು ಮೊಟ್ಟೆ ಆಕಾರ, ಸೊಂಟಕ್ಕೊಂದು ಡಬ್ಬ, ತಲೆಗೊಂದು ಗುಂಡು, ಇಷ್ಟಿದ್ರೂ ಪೋಸ್ ನಿಂತಿದ್ಯೋ ಬೀಳ್ತಿದ್ಯೋ ಅಂತ ಹೇಳೋರು ಹೇಳ್ತಾರೆ. ಪೋಸ್ ಓಕೆ ಆದ್ಮೇಲೆ ದೇಹದ ರಚನೆ ಹಾಕಿ ಇನ್ನೊಂದ್ಸಲ, ಕೊನೆಗೆ ಲೈನ್ ಆದ್ಮೇಲೆ ಬೇಕಿದ್ರೆ ಮತ್ತೊಂದ್ಸಲ.

ಪೇಪರ್ ಮೇಲೆ ಬರೆಯೋರು ಒಂದು ವಿಷ್ಯ ಗಮನಿಸಿ. ಫೋನನ್ನ ಓರೆಯಾಗಿ ಹಿಡಿದು ಫೋಟೋ ತೆಗೆದ್ರೆ ಫೋನಿಗೆ ಹತ್ರ ಇರೋ ಭಾಗ ದೊಡ್ಡದಾಗಿ, ದೂರ ಇರೋದು ಚಿಕ್ಕದಾಗಿ ಬರುತ್ತೆ, ಆಗ ಜನ "ತಲೆ ಚಿಕ್ಕದು" ಅಂತಾರೆ, ನೀವು ಸರಿಯಾಗಿರೋ ತಲೆನ ತಿದ್ದಿ ಕೆಡಿಸ್ತೀರ. ಕಾಗದನ ಚಪ್ಪಟೆ ಇಟ್ಟು ನೇರ ಮೇಲಿಂದ, ಸ್ವಲ್ಪ ದೂರದಿಂದ ಝೂಮ್ ಮಾಡಿ ತೆಗೀರಿ. ಸ್ಕ್ಯಾನರ್ ಇದ್ರೆ ತಲೆನೋವೇ ಇಲ್ಲ, ತೋರ್ಸೋಕೆ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ) ಧಾರಾಳ, ಇಂಕ್ ಲೈನ್ ಪ್ರಿಂಟಿಗೆ ಹೋಗೋದಾದ್ರೆ 600 ಒಳ್ಳೇದು.

ಕೇಳೋ ರೀತಿ

"ಹೇಗಿದೆ?" ಅಂತ ಕೇಳ್ಬೇಡಿ. ಅದಕ್ಕೆ "ಚೆನ್ನಾಗಿದೆ" ಬಿಟ್ಟು ಬೇರೆ ಉತ್ತರ ಕೊಡೋಕೆ ಎದುರಿಗಿರೋರಿಗೂ ಕಷ್ಟ. "ಇವಳು ಬಲಗಾಲ ಮೇಲೆ ಭಾರ ಹಾಕಿ ನಿಂತಿದ್ದಾಳೆ, ಹಂಗೆ ಅನ್ಸುತ್ತಾ?" "ಎಡಗೈ ನಮ್ಮ ಕಡೆ ಚಾಚಿದ್ದಾನೆ, ಉದ್ದ ಸರಿ ಕಾಣುತ್ತಾ?" ಈ ಥರ ಕೇಳಿ. ಕ್ಯಾರೆಕ್ಟರ್ ಏನ್ ಮಾಡ್ತಿದೆ, ವಯಸ್ಸು ಎಷ್ಟು, ನಿಮ್ಮ ಸ್ಟೈಲ್ ರಿಯಲಿಸ್ಟಿಕ್ಕಾ ಕಾರ್ಟೂನಾ, ಇಷ್ಟು ಒಂದೆರಡು ಸಾಲಲ್ಲಿ ಹೇಳಿ. ರೆಫರೆನ್ಸ್ ಫೋಟೋ ನೋಡ್ಕೊಂಡು ಬರೆದಿದ್ರೆ ಅದನ್ನೂ ಜೊತೆಗೆ ತೋರ್ಸಿ, ಮುಚ್ಚಿಡೋ ವಿಷ್ಯ ಏನಲ್ಲ ಅದು.

ಚಿತ್ರ ಬರೀದೇ ಇರೋರ ಹತ್ರನೂ ಕೇಳಿ, ನನ್ನ ಲೆಕ್ಕದಲ್ಲಿ ಅವ್ರ ಕಣ್ಣು ಕಮ್ಮಿ ಏನಲ್ಲ. ಮನುಷ್ಯನ ದೇಹ ಎಲ್ರೂ ಹುಟ್ಟಿದಾಗಿಂದ ನೋಡ್ತಾನೇ ಇದ್ದಾರೆ, ತಪ್ಪಿದ್ರೆ ಥಟ್ಟಂತ ಗೊತ್ತಾಗುತ್ತೆ, ಯಾಕೆ ಅಂತ ಹೇಳೋಕೆ ಬರಲ್ಲ ಅಷ್ಟೆ. ಅವ್ರ ಹತ್ರ "ನಿಮ್ಮ ಕಣ್ಣು ಮೊದ್ಲು ಎಲ್ಲಿ ಹೋಯ್ತು, ಎಲ್ಲಿ ಸಿಕ್ಕಾಕೊಳ್ತು" ಅಂತ ಮಾತ್ರ ಕೇಳಿ. ಪರಿಹಾರ ಕೇಳ್ಬೇಡಿ.

ಬಂದ ಮಾತನ್ನ ಅಳತೆಗೆ ತರೋದು

ಬಂದಿದ್ದನ್ನೆಲ್ಲ ಒಂದು ಕಡೆ ಬರ್ಕೊಳ್ಳಿ, ಆಮೇಲೆ ಜಾಗದ ಪ್ರಕಾರ ಗುಂಪು ಮಾಡಿ. ಬೇರೆ ಬೇರೆ ಜನ ಬೇರೆ ಬೇರೆ ಮಾತಲ್ಲಿ ಒಂದೇ ಜಾಗದ ಬಗ್ಗೆ ಹೇಳ್ತಿದ್ರೆ, ಉದಾಹರಣೆಗೆ ಒಬ್ರು "ಭುಜ ಅಗಲ", ಇನ್ನೊಬ್ರು "ಕತ್ತು ಗಿಡ್ಡ", ಮತ್ತೊಬ್ರು "ತಲೆ ಚಿಕ್ಕದು" ಅಂದ್ರೆ, ಮೂರೂ ಒಂದೇ ತಪ್ಪು ಇರೋ ಸಾಧ್ಯತೆ ಜಾಸ್ತಿ. "ನಾನಾಗಿದ್ರೆ ಕೂದ್ಲು ಬಿಚ್ಚಿ ಬರೀತಿದ್ದೆ" ಅನ್ನೋದು ಅವ್ರ ಇಷ್ಟ, ತಪ್ಪಲ್ಲ, ಪಕ್ಕಕ್ಕಿಡಿ.

ಆಮೇಲೆ ಅಳೀರಿ. ಇಲ್ಲಿ ತಲೆಯ ಎತ್ತರನೇ ಸ್ಕೇಲು. ನೆತ್ತಿಯಿಂದ ಗದ್ದದ ತನಕ ಒಂದು ತಲೆ ಅಂತ ಇಟ್ಕೊಂಡ್ರೆ ಸಾಮಾನ್ಯ ವಯಸ್ಕರ ಎತ್ತರ ಸುಮಾರು 7.5 ತಲೆ, ಡ್ರಾಯಿಂಗ್‌ನಲ್ಲಿ ಲೆಕ್ಕಕ್ಕೆ ಸುಲಭ ಅಂತ 8 ಇಟ್ಕೊಳ್ಳೋರೇ ಜಾಸ್ತಿ, ಸೂಪರ್ ಹೀರೋ ಥರ ಬೇಕಿದ್ರೆ 8.5 ಅಥವಾ 9. ಒಂದು ವರ್ಷದ ಮಗು ಸುಮಾರು 4 ತಲೆ ಅಷ್ಟೆ. ಮಕ್ಕಳನ್ನ ಬರೆದಾಗ "ಇದು ಕುಳ್ಳಗಿರೋ ದೊಡ್ಡೋರ ಥರ ಇದೆ" ಅಂತ ಯಾರಾದ್ರೂ ಅಂದ್ರೆ ಮೊದ್ಲು ಇದನ್ನೇ ಎಣಿಸಿ ನೋಡಿ.

ಇನ್ನೊಂದಿಷ್ಟು ಗುರುತುಗಳು ಕೈಗೆ ಅಭ್ಯಾಸ ಆಗ್ಬೇಕು. ನಿಂತಿರೋ ಮನುಷ್ಯನ ಎತ್ತರದ ಅರ್ಧ ಬರೋದು ಹೊಕ್ಕುಳಿಗಲ್ಲ, ಅದಕ್ಕಿಂತ ಕೆಳಗೆ, ತೊಡೆಸಂದಿನ ಹತ್ರ. ಕೈ ಇಳಿಬಿಟ್ರೆ ಮೊಣಕೈ ಎದೆಗೂಡು ಮುಗಿಯೋ ಕಡೆಗೆ, ಮಣಿಕಟ್ಟು ತೊಡೆಸಂದಿನ ಮಟ್ಟಕ್ಕೆ, ಬೆರಳ ತುದಿ ತೊಡೆಯ ಮಧ್ಯಕ್ಕೆ ಬರುತ್ತೆ. ಪಾದದ ಉದ್ದ ಹೆಚ್ಚುಕಮ್ಮಿ ಮೊಣಕೈ ಒಳಮಡಿಕೆಯಿಂದ ಮಣಿಕಟ್ಟಿನ ತನಕದ ಉದ್ದ. ಬೆರಳೂ ಸೇರಿ ಇಡೀ ಹಸ್ತನ ಮುಖದ ಮೇಲಿಟ್ರೆ ಗದ್ದದಿಂದ ಕೂದಲ ಅಂಚಿನ ತನಕ ಮುಚ್ಚುತ್ತೆ. ಈಗ್ಲೇ ನಿಮ್ಮ ಮೇಲೇನೇ ಚೆಕ್ ಮಾಡ್ಕೊಳ್ಳಿ, ಒಂದೆರಡು ಬೆರಳು ಹೆಚ್ಚು ಕಮ್ಮಿ ಬರುತ್ತೆ, ಮನುಷ್ಯರು ಅಚ್ಚಲ್ಲಿ ಹಾಕಿ ತೆಗೆದವ್ರಲ್ವಲ್ಲ.

ಹೊಸಬರ ಚಿತ್ರದಲ್ಲಿ ಕೈಪಾದ ಎರಡೂ ಚಿಕ್ಕದಾಗೇ ಇರುತ್ತೆ. ಬರೆಯೋಕೆ ಕಷ್ಟ ಅಂತ ಗೊತ್ತಿಲ್ದಂಗೇ ಕುಗ್ಗಿಸ್ಬಿಡ್ತಾರೆ.

ಪದೇ ಪದೇ ಕೇಳೋ ಕಂಪ್ಲೇಂಟುಗಳು, ಅವುಗಳ ಹಿಂದಿರೋ ಅನಾಟಮಿ

"ಗೊಂಬೆ ಥರ ಬಿಗಿಯಾಗಿ ನಿಂತಿದೆ." ಇದು ಬಂದ್ರೆ ಭುಜದ ಗೆರೆ, ಸೊಂಟದ ಗೆರೆ ಎರಡೂ ನೆಲಕ್ಕೆ ಸಮವಾಗಿದ್ಯಾ ನೋಡಿ. ನಾವು ನಿಲ್ಲೋವಾಗ ಸಾಮಾನ್ಯವಾಗಿ ಒಂದೇ ಕಾಲ ಮೇಲೆ ಭಾರ ಹಾಕ್ತೀವಿ, ಆಗ ಭಾರ ಹೊತ್ತಿರೋ ಕಾಲಿನ ಕಡೆ ಸೊಂಟ ಮೇಲೇಳುತ್ತೆ, ಅದೇ ಕಡೆ ಭುಜ ಕೆಳಗಿಳಿಯುತ್ತೆ. "ಬೀಳೋ ಹಂಗಿದೆ" ಅಂದ್ರೆ ಕತ್ತಿನ ಬುಡದಲ್ಲಿ ಎರಡು ಕಾಲರ್ ಬೋನ್ ಮಧ್ಯ ಒಂದು ಗುಣಿ ಇದ್ಯಲ್ಲ, ಅಲ್ಲಿಂದ ನೇರ ಕೆಳಕ್ಕೆ ಒಂದು ಗೆರೆ ಎಳೀರಿ. ಒಂದೇ ಕಾಲ ಮೇಲೆ ನಿಂತಿದ್ರೆ ಅದು ಆ ಪಾದದ ಹತ್ರ ಬೀಳ್ಬೇಕು, ಎರಡರ ಮೇಲೂ ಭಾರ ಇದ್ರೆ ಎರಡು ಪಾದಗಳ ನಡುವೆ. ಎರಡೂ ಆಗದೆ ಹೊರಗೆ ಬಿದ್ರೆ ನೋಡೋರು ಹೇಳಿದ್ದು ನಿಜ, ಅವ್ನು ಬೀಳ್ತಾನೇ ಇದ್ದಾನೆ. ಓಡೋದು, ಒರಗಿ ನಿಲ್ಲೋದು ಬೇರೆ ಲೆಕ್ಕ.

"ಎತ್ತಿರೋ ಕೈ ಅಂಟಿಸಿದ ಹಾಗಿದೆ." ಇದು ಬಹಳ ಸಲ ಕೈಯಿನ ತಪ್ಪೇ ಅಲ್ಲ. ಕೈ ಎತ್ತಿದಾಗ ತೋಳು ಒಂದೇ ಮೇಲೆ ಹೋಗಲ್ಲ, ಬೆನ್ನ ಮೇಲಿರೋ ಹಲಗೆ ಮೂಳೆನೂ ತಿರುಗುತ್ತೆ, ಕಾಲರ್ ಬೋನಿನ ಹೊರತುದಿನೂ ಮೇಲೇಳುತ್ತೆ. ಕೈನ ಪೂರ್ತಿ ನೆಟ್ಟಗೆ ಮೇಲೆತ್ತೋ 180 ಡಿಗ್ರಿಯಲ್ಲಿ ಸುಮಾರು 60 ಡಿಗ್ರಿ ಈ ಹಲಗೆ ಮೂಳೆ ತಿರುಗೋದ್ರಿಂದಾನೇ ಬರೋದು. ನೀವು ಭುಜನ ಇದ್ದಲ್ಲೇ ಇಟ್ಟು ಕೈ ಮಾತ್ರ ತಿರುಗಿಸಿ ಬರೆದ್ರೆ ಪ್ಲಾಸ್ಟಿಕ್ ಬೊಂಬೆ ಕೈ ಆಗುತ್ತೆ. ಕನ್ನಡಿ ಮುಂದೆ ನಿಂತು ಕಾಲರ್ ಬೋನ್ ಮೇಲೆ ಬೆರಳಿಟ್ಟು ಇನ್ನೊಂದು ಕೈ ನಿಧಾನಕ್ಕೆ ಎತ್ತಿ ನೋಡಿ, ಪುಸ್ತಕ ಓದೋದಕ್ಕಿಂತ ಬೇಗ ತಲೆಗೆ ಹೋಗುತ್ತೆ.

"ಮುಂಗೈ ಪೈಪ್ ಥರ ಇದೆ." ಮೊಣಕೈಯಿಂದ ಮಣಿಕಟ್ಟಿನ ತನಕ ಎರಡು ಮೂಳೆ ಇವೆ. ಅಂಗೈ ಮೇಲೆ ಮಾಡಿದಾಗ ಅವು ಪಕ್ಕಪಕ್ಕ ಇರ್ತವೆ, ಕೆಳಗೆ ಮಾಡಿದಾಗ ಹೆಬ್ಬೆರಳ ಕಡೆದು ಇನ್ನೊಂದರ ಮೇಲೆ ಅಡ್ಡ ಬರುತ್ತೆ. ಅದಕ್ಕೇ ಎರಡು ಪೋಸಲ್ಲಿ ಮುಂಗೈ ಆಕಾರನೇ ಬೇರೆ. ಮೊಣಕೈ ಹತ್ರ ದಪ್ಪ, ಮಣಿಕಟ್ಟಿಗೆ ಬಂದಾಗ ಚಪ್ಪಟೆ, ಅಂದ್ರೆ ಅಗಲ ಜಾಸ್ತಿ ದಪ್ಪ ಕಮ್ಮಿ. ಕಿರುಬೆರಳ ಕಡೆ ಮಣಿಕಟ್ಟಿನ ಮೇಲೆ ಒಂದು ಗುಬುಟು ಇರುತ್ತೆ, ಆ ಒಂದು ಚಿಕ್ಕ ಗೆರೆ ಹಾಕಿದ್ರೂ ಕೈ ಯಾವ ಕಡೆ ತಿರುಗಿದೆ ಅಂತ ಗೊತ್ತಾಗ್ಬಿಡುತ್ತೆ. ಡೀಟೇಲ್ ಅಂದ್ರೆ ಇಂಥದ್ದು.

ಬೆರಳುಗಳ ಬಗ್ಗೆ ಕಂಪ್ಲೇಂಟ್ ಬರದೇ ಇರೋ ಚಿತ್ರಗಾರ ಇನ್ನೂ ಹುಟ್ಟಿಲ್ಲ. ಒಂದು ಕೈಯಲ್ಲಿ 27 ಮೂಳೆ ಇದೆ, ಎಲ್ಲಾ ನೆನಪಿಡೋಕೆ ಹೋಗ್ಬೇಡಿ. ಮೊದ್ಲು ಅಂಗೈನ ಒಂದು ದಪ್ಪ ಹಲಗೆ ಥರ ಬರೀರಿ, ಹೆಬ್ಬೆರಳ ಬುಡದ ಮಾಂಸ ಬೇರೆ ತುಂಡು, ಆಮೇಲೆ ಬೆರಳು. ಗೆಣ್ಣುಗಳು ನೇರ ಸಾಲಲ್ಲಿ ಇರಲ್ಲ, ಕಮಾನು ಥರ ಬಾಗಿರ್ತವೆ. ಅಂಗೈ ಕಡೆಯಿಂದ ನೋಡಿದ್ರೆ ಬೆರಳು ಗಿಡ್ಡ ಕಾಣುತ್ತೆ, ಹಿಂದುಗಡೆಯಿಂದ ಉದ್ದ, ಯಾಕಂದ್ರೆ ಬೆರಳ ಸಂದಿನ ಚರ್ಮ ಗೆಣ್ಣಿಗಿಂತ ಮುಂದೆ ಬಂದು ಸೇರುತ್ತೆ. ಹಿಂದುಗಡೆಯಿಂದ ಅಳೆದ್ರೆ ನಡುಬೆರಳು ಗೆಣ್ಣಿಂದ ತುದಿ ತನಕ ಇಡೀ ಹಸ್ತದ ಸುಮಾರು ಅರ್ಧ. ಇನ್ನೊಂದು, ಉಳಿದ ನಾಲ್ಕು ಬೆರಳ ಉಗುರು ಪೂರ್ತಿ ಕಾಣ್ತಿರೋವಾಗ ಹೆಬ್ಬೆರಳ ಉಗುರು ಸಾಮಾನ್ಯವಾಗಿ ಪಕ್ಕದಿಂದ ಕಾಣ್ಬೇಕು, ಐದೂ ಉಗುರು ಒಂದೇ ಕಡೆ ಮುಖ ಮಾಡಿದ್ರೆ ಅಲ್ಲೇ ಎಡವಟ್ಟು.

"ಕತ್ತು ಯಾಕೋ ಕಂಬದ ಹಾಗಿದೆ." ಪಕ್ಕದಿಂದ ನೋಡಿದ್ರೆ ಕತ್ತು ನೆಟ್ಟಗಿರಲ್ಲ, ಮುಂದಕ್ಕೆ ವಾಲಿರುತ್ತೆ, ಬುಡದಲ್ಲಿ ಹಿಂಭಾಗ ಮೇಲೆ ಮುಂಭಾಗ ಕೆಳಗೆ. ಕಿವಿಯ ಹಿಂದಿಂದ ಹೊರಟು ಆ ಕತ್ತಿನ ಗುಣಿಗೆ ಬಂದು ಸೇರೋ ಒಂದು ಉದ್ದ ಸ್ನಾಯು ಇದೆ, ತಲೆ ಪಕ್ಕಕ್ಕೆ ತಿರುಗಿಸಿದಾಗ ಎದ್ದು ಕಾಣುತ್ತೆ. ಅದೊಂದು ಗೆರೆ ಸರಿಯಾಗಿ ಬಿದ್ರೆ ಕತ್ತು ತಾನಾಗೇ ಕೂತ್ಕೊಳ್ಳುತ್ತೆ.

ಮುಖಕ್ಕೆ ಬಂದ್ರೆ ಕಣ್ಣಿನ ಗೆರೆ ತಲೆ ಎತ್ತರದ ಅರ್ಧಕ್ಕೆ ಇರ್ಬೇಕು, ತುಂಬಾ ಜನ ಮೇಲೆ ಹಾಕಿ ಹಣೆ ಮಾಯ ಮಾಡ್ತಾರೆ. ಎರಡು ಕಣ್ಣಿನ ನಡುವೆ ಒಂದು ಕಣ್ಣಿನಷ್ಟು ಜಾಗ, ಕಿವಿ ಹುಬ್ಬಿನಿಂದ ಮೂಗಿನ ಬುಡದ ತನಕ. ಪಕ್ಕದ ನೋಟದಲ್ಲಿ ತಲೆಯ ಹಿಂಭಾಗನ ಕತ್ತರಿಸಿದ ಹಾಗೆ ಬರೆಯೋದು ಇನ್ನೊಂದು ಕಾಯಿಲೆ. ಮೂಗಿನಿಂದ ಹಿಂದಲೆ ತನಕದ ಅಗಲ ತಲೆ ಎತ್ತರಕ್ಕೆ ಹತ್ರಹತ್ರನೇ ಇರುತ್ತೆ, ಕಿವಿ ನಡುಮಧ್ಯಕ್ಕಿಂತ ಸ್ವಲ್ಪ ಹಿಂದೆ.

ಕಾಲು "ರಬ್ಬರ್ ಥರ" ಅನ್ಸಿದ್ರೆ ಎರಡು ಅಂಚಿನ ಉಬ್ಬುಗಳನ್ನ ಎದುರುಬದುರು ಒಂದೇ ಎತ್ತರಕ್ಕೆ ಹಾಕಿರ್ತೀರ. ಮೀನಖಂಡದ ಹೊರಗಿನ ಉಬ್ಬು ಮೇಲೆ, ಒಳಗಿನದು ಕೆಳಗೆ. ಪಾದದ ಗಂಟು ಇದಕ್ಕೆ ಉಲ್ಟಾ, ಒಳಗಿಂದು ಮೇಲೆ ಹೊರಗಿಂದು ಕೆಳಗೆ. ಪಕ್ಕದಿಂದ ತೊಡೆ ಮುಂದಕ್ಕೆ ಉಬ್ಬಿ, ಮೊಣಕಾಲ ಕೆಳಗೆ ಉಬ್ಬು ಹಿಂದಕ್ಕೆ ಹೋಗುತ್ತೆ. ಇಷ್ಟು ಗೊತ್ತಿದ್ರೆ ಸಾಕು, ಸ್ನಾಯುಗಳ ಲ್ಯಾಟಿನ್ ಹೆಸ್ರೆಲ್ಲ ಬಾಯಿಪಾಠ ಮಾಡೋದು ಶುರುವಲ್ಲಿ ಬೇಡವೇ ಬೇಡ ಅಂತ ನನ್ನ ಅನಿಸಿಕೆ, ಹೆಸ್ರು ಗೊತ್ತಿದ್ದೂ ಕಾಲು ಬರೆಯೋಕೆ ಬರ್ದಿರೋರು ಬೇಕಾದಷ್ಟು ಜನ ಇದ್ದಾರೆ.

ತಿದ್ದೋದು

ಡಿಜಿಟಲ್ ಆಗಿದ್ರೆ ಹಳೇ ಲೇಯರ್‌ನ ಒಪಾಸಿಟಿ 20-30 ಪರ್ಸೆಂಟಿಗೆ ಇಳಿಸಿ (ಅಂದ್ರೆ ಮಸುಕು ಮಾಡಿ), ಮೇಲೊಂದು ಹೊಸ ಲೇಯರಲ್ಲಿ ಕೆಂಪು ಬಣ್ಣದಲ್ಲಿ ಡಬ್ಬ, ಸಿಲಿಂಡರ್, ಭುಜ ಸೊಂಟದ ಓರೆಗೆರೆ ಇವನ್ನ ಹಾಕಿ. ಪೇಪರಾದ್ರೆ ಟ್ರೇಸಿಂಗ್ ಪೇಪರ್. ಚಿತ್ರನ ಎಡಬಲ ತಿರುಗಿಸಿ ನೋಡೋದು ಮರೀಬೇಡಿ, ಕ್ರಿಟಾ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರಲ್ಲಿ ಕೀಬೋರ್ಡಿನ ಎಂ ಒತ್ತಿದ್ರೆ ಆಗುತ್ತೆ, ಪೇಪರಾದ್ರೆ ಹಿಂದಿಂದ ಬೆಳಕಿಗೆ ಹಿಡೀರಿ ಅಥವಾ ಕನ್ನಡಿಗೆ ತೋರ್ಸಿ. ವಾಲಿರೋ ಮುಖ, ಮೇಲೆ ಕೆಳಗೆ ಆಗಿರೋ ಕಣ್ಣು ತಕ್ಷಣ ಎದ್ದು ಕಾಣುತ್ತೆ. ಫೀಡ್‌ಬ್ಯಾಕ್ ಕೇಳೋಕೆ ಮುಂಚೆನೇ ಇದನ್ನ ಮಾಡಿದ್ರೆ ಅರ್ಧ ತಪ್ಪು ನೀವೇ ಹಿಡೀತೀರ, ಬೇರೆಯವ್ರ ಟೈಮೂ ಉಳಿಯುತ್ತೆ.

ಕ್ರಮ ಮಾತ್ರ ಬದಲಾಯಿಸ್ಬೇಡಿ. ಮೊದ್ಲು ಪೋಸ್, ಆಮೇಲೆ ಅಳತೆ, ಆಮೇಲೆ ಡಬ್ಬ ಸಿಲಿಂಡರ್, ಆಮೇಲೆ ಮೂಳೆ ಸ್ನಾಯು, ಆಮೇಲೆ ಗೆರೆ, ಕೊನೆಗೆ ಬಟ್ಟೆ ಕೂದ್ಲು. ಯಾರೋ ಬೆರಳು ಸರಿ ಇಲ್ಲ ಅಂದ್ರು ಅಂತ ಬೆರಳು ತಿದ್ದಿ ಕೂತ್ಕೊಂಡು, ಆಮೇಲೆ ನೋಡಿದ್ರೆ ಇಡೀ ತೋಳೇ ಗಿಡ್ಡ ಅಂತ ಗೊತ್ತಾದ್ರೆ ಆ ಬೆರಳೂ ಹೋಯ್ತು.

ಮತ್ತೆ ದಯವಿಟ್ಟು ಇಂಕ್ ಮಾಡಿದ ಚಿತ್ರದ ಮೇಲೇನೇ ತೇಪೆ ಹಾಕ್ಬೇಡಿ. ಅದೇ ಪೋಸನ್ನ ಪಕ್ಕದಲ್ಲಿ ಹೊಸದಾಗಿ ಬರೀರಿ. ಬೇರೆಯವ್ರು ನಿಮ್ಮ ಚಿತ್ರದ ಮೇಲೆ ಗೆರೆ ಎಳೆದು ತಿದ್ದಿ ಕೊಟ್ರೂ ಅಷ್ಟೆ, ಅದನ್ನ ಹಂಗೇ ಟ್ರೇಸ್ ಮಾಡಿದ್ರೆ ಚಿತ್ರ ಸರಿಹೋಗುತ್ತೆ, ನಿಮ್ಮ ಕೈ ಸರಿಹೋಗಲ್ಲ. ಒಂದು ನಿಮಿಷ ನೋಡಿ, ಅವ್ರು ಏನ್ ಬದಲಾಯಿಸಿದ್ರು ಅಂತ ಒಂದು ಸಾಲು ಬರ್ಕೊಳ್ಳಿ, ಮುಚ್ಚಿಡಿ, ಆಮೇಲೆ ನೆನಪಿಂದ ಬರೀರಿ.

ರೆಫರೆನ್ಸಿಗೆ ನಿಮ್ಮದೇ ಫೋಟೋ ತೆಗೀಬಹುದು, ಟೈಮರ್ ಇಟ್ಟು ಆ ಪೋಸ್ ಕೊಟ್ಟು. ಫೋನ್ ಮುಖಕ್ಕೆ ಹತ್ರ ಇದ್ರೆ ಮೂಗು ಕೈ ಎಲ್ಲಾ ದೊಡ್ಡದಾಗಿ ಬರುತ್ತೆ, ಅದಕ್ಕೆ 2-3 ಮೀಟರ್ ದೂರ ಇಡಿ. ಪೋಸ್ ಕೊಟ್ಟಾಗ ಎಲ್ಲಿ ನೋವಾಗುತ್ತೆ, ಎಲ್ಲಿ ಬಿಗಿ ಆಗುತ್ತೆ ಅಂತ ಗಮನಿಸಿ. ನಿಮ್ಮ ಕೈಲಿ ಆ ಪೋಸ್ ಕೊಡೋಕೇ ಆಗ್ತಿಲ್ಲ ಅಂದ್ರೆ ಕ್ಯಾರೆಕ್ಟರ್‌ಗೂ ಕಷ್ಟನೇ ಇರ್ಬೇಕು (ಯೋಗ ಮಾಡೋ ಕ್ಯಾರೆಕ್ಟರ್ ಆದ್ರೆ ಬಿಡಿ).

ಈಗ ಡೀಟೇಲ್

ದೇಹ ಸರಿಯಾಗಿದೆ ಅಂದ್ಮೇಲೆ ಇನ್ನೂ ಯಾರಾದ್ರೂ "ಡೀಟೇಲ್ ಕಮ್ಮಿ" ಅಂದ್ರೆ ಆಗ್ಲೂ ಮೊದ್ಲು ಗೆರೆ ಸೇರಿಸ್ಬೇಡಿ, ಇರೋ ಗೆರೆಯ ದಪ್ಪ ಬದಲಾಯಿಸಿ ನೋಡಿ. ನೆರಳು ಬೀಳೋ ಕಡೆ, ಗದ್ದದ ಕೆಳಗೆ, ಒಂದು ವಸ್ತು ಇನ್ನೊಂದರ ಮೇಲೆ ಬರೋ ಜಾಗದಲ್ಲಿ ದಪ್ಪ. ಬೆಳಕಿನ ಕಡೆ, ಒಳಗಿನ ಚಿಕ್ಕ ಗೆರೆಗಳು ತೆಳು. ಕಣ್ಣಿನ ಮೇಲ್ರೆಪ್ಪೆ ಕೆಳಗಿನದಕ್ಕಿಂತ ದಪ್ಪ, ಯಾಕಂದ್ರೆ ಅದು ಕಣ್ಣಿನ ಮೇಲೆ ನೆರಳು ಬೀಳಿಸುತ್ತೆ. ಎಲ್ಲಾ ಕಡೆ ಒಂದೇ ದಪ್ಪದ ಗೆರೆ ಇದ್ರೆ ಎಷ್ಟು ಡೀಟೇಲ್ ಹಾಕಿದ್ರೂ ಚಿತ್ರ ಚಪ್ಪಟೆನೇ.

ನಮ್ಮ ಕಡೆ ಚಾಚಿದ ಕೈಕಾಲು ಗಿಡ್ಡ ಅನ್ಸೋದಕ್ಕೂ ಇಲ್ಲೇ ಮದ್ದು. ಮುಂದಿರೋ ಭಾಗದ ಗೆರೆ ಹಿಂದಿನ ಭಾಗದ ಗೆರೆನ ಕತ್ತರಿಸಿ ಹೋಗ್ಬೇಕು, ಅಂದ್ರೆ ಹಿಂದಿನದು ಮುಂದಿನದರ ಹಿಂದೆ ಮುಳುಗ್ಬೇಕು. ತೋಳಿನ ಮೇಲಿರೋ ಬಟ್ಟೆ ಅಂಚು, ಬಳೆ, ಪಟ್ಟಿ ಇವೆಲ್ಲ ಸಿಲಿಂಡರ್ ಸುತ್ತ ಸುತ್ತಿಕೊಂಡ ಹಾಗೆ ಬಾಗ್ಬೇಕು. ನೇರ ಗೆರೆ ಎಳೆದ್ರೆ ಅಷ್ಟೂ ಕೆಲಸ ಹಾಳು. ಹಾಗೇ ಎರಡು ಬೇರೆ ಬೇರೆ ವಸ್ತುಗಳ ಅಂಚು ಬರೀ ತಾಗಿಕೊಂಡು ನಿಲ್ಲೋದು ತಪ್ಪಿಸಿ, ಕೂದಲ ತುದಿ ಸರಿಯಾಗಿ ಭುಜದ ಗೆರೆಗೆ ಮುಟ್ಟಿ ನಿಂತಿದ್ರೆ ಯಾವುದು ಮುಂದೆ ಯಾವುದು ಹಿಂದೆ ಗೊತ್ತಾಗಲ್ಲ. ಒಂದೋ ದಾಟಿಸಿ, ಇಲ್ಲಾ ದೂರ ಇಡಿ.

ಬಟ್ಟೆ ಮಡಿಕೆಗಳು ಎಲ್ಲಿಂದ ಹುಟ್ಟುತ್ತೆ ಅಂತ ಕೇಳ್ಕೊಳ್ಳಿ. ಭುಜ, ಕಂಕುಳು, ಮೊಣಕೈ, ಮೊಣಕಾಲು, ಸೊಂಟಪಟ್ಟಿ, ಅಂದ್ರೆ ಎಳೆತ ಅಥವಾ ಒತ್ತಡ ಇರೋ ಜಾಗದಿಂದ. ಅಲ್ಲಿಂದ ಶುರುವಾಗದೇ ಇರೋ ಮಡಿಕೆ ಗೆರೆಗಳನ್ನ ಅಳಿಸಿ ನೋಡಿ, ಚಿತ್ರ ಹಗುರ ಆಗುತ್ತೆ. ಕೂದಲಿಗೂ ಅಷ್ಟೆ, ಮೊದ್ಲು ದೊಡ್ಡ ಗೊಂಚಲುಗಳ ಆಕಾರ, ಆಮೇಲೆ ಗೊಂಚಲು ತಿರುಗೋ ಜಾಗದಲ್ಲಿ ಮಾತ್ರ ಎಳೆ. ಡೀಟೇಲ್ ಎಲ್ಲಾ ಕಡೆ ಸಮಾನವಾಗಿ ಹಂಚೋದು ಬೇಡ, ಮುಖ ಮತ್ತೆ ಕೈ ಹತ್ರ ಜಾಸ್ತಿ, ಉಳಿದ ಕಡೆ ಕಣ್ಣಿಗೆ ವಿಶ್ರಾಂತಿ.

"ಇದು ನನ್ನ ಸ್ಟೈಲ್" ಅನ್ನೋ ಉತ್ತರ ಬಾಯಿಗೆ ಬಂದಾಗ ಒಂದು ಪರೀಕ್ಷೆ ಮಾಡ್ಕೊಳ್ಳಿ. ಬೇಕು ಅಂತಲೇ ಮಾಡಿದ್ದಾದ್ರೆ ಮುಂದಿನ ಪೋಸಲ್ಲೂ ಅದನ್ನ ಅದೇ ಥರ ಮಾಡೋಕೆ ನಿಮಗೆ ಬರ್ಬೇಕು. ದೊಡ್ಡ ಕಣ್ಣು, ಉದ್ದ ಕಾಲು ಪ್ರತಿ ಚಿತ್ರದಲ್ಲೂ ಅದೇ ಅಳತೆಗೆ ಇದ್ರೆ ಅದು ಸ್ಟೈಲ್. ಎಡಗೈ ಒಂದು ಉದ್ದ ಬಲಗೈ ಇನ್ನೊಂದು ಉದ್ದ ಇದ್ರೆ ಸುಮ್ನೆ ತಿದ್ದಿ.

ತಿದ್ದಿದ್ದನ್ನ ಎರಡನೇ ಸಲ ತೋರ್ಸೋವಾಗ ಹಳೇದನ್ನ ನೋಡಿರದ ಒಬ್ರಿಗೆ, ಹಳೇದರ ಬಗ್ಗೆ ಏನೂ ಹೇಳದೇ ತೋರ್ಸಿ. ಹಳೇದು ಹೊಸದು ಪಕ್ಕಪಕ್ಕ ಇಟ್ರೆ ಎಲ್ರೂ "ಹೊಸದು ಚೆನ್ನಾಗಿದೆ" ಅಂತಲೇ ಅಂತಾರೆ. ಈ ಸಲ ಅವ್ರು ಬೇರೆ ಜಾಗ ತೋರ್ಸಿದ್ರೆ ಮೊದಲನೇದು ಸರಿಹೋಗಿದೆ ಅಂತ ಅರ್ಥ, ಮತ್ತೆ ಅದೇ ಜಾಗ ತೋರ್ಸಿದ್ರೆ ನೀವು ಹುಡುಕಿದ ಕಾರಣ ತಪ್ಪು, ಒಂದು ಹಂತ ಹಿಂದೆ ಹೋಗಿ, ಕೈ ಅಂದ್ರೆ ಭುಜ, ಭುಜ ಅಂದ್ರೆ ಎದೆಗೂಡು, ಎದೆಗೂಡು ಅಂದ್ರೆ ಇಡೀ ಪೋಸ್. ಎರಡು ಸುತ್ತು ಆದ್ಮೇಲೆ ಆ ಚಿತ್ರನ ಬಿಟ್ಬಿಡಿ, ಅದೇ ಜಾಗ ಬರೋ ಹಾಗೆ ಬೇರೆ ಪೋಸಲ್ಲಿ, ಬೇರೆ ಕೋನದಿಂದ ಹೊಸ ಕ್ಯಾರೆಕ್ಟರ್ ಶುರು ಮಾಡಿ.